ಸಣ್ಣ ವ್ಯವಹಾರಕ್ಕೆ ವೆಬ್ ಡಿಸೈನರ್ ಹುಡುಕುವುದು ಹೇಗೆ? ಬೀಗದ ಕೈ ನಿಮ್ಮ ಹತ್ತಿರವೇ ಇರಲಿ

ನನ್ನ ಮೊದಲ ವೆಬ್‌ಸೈಟ್ ನೋಡಲು ಚೆನ್ನಾಗಿಯೇ ಇತ್ತು. ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ನಡೆಯಿತು. ಒಂದು ದಿನ ಬೆಳಗ್ಗೆ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿದರು. "ನಿಮ್ಮ ಸೈಟ್ ತೆರೆದರೆ ಯಾವ್ಯಾವುದೋ ಜಾಹೀರಾತು ಬರ್ತಿದೆ. ವ್ಯವಹಾರ ನಿಲ್ಲಿಸಿಬಿಟ್ರಾ?" ಎಂದು ಕೇಳಿದರು. ನೋಡಿದರೆ ಡೊಮೇನ್ (ಸೈಟಿನ ಹೆಸರು) ಅವಧಿ ಮುಗಿದುಹೋಗಿತ್ತು. ನವೀಕರಿಸಿ ಎಂದು ಬಂದ ಇಮೇಲ್‌ಗಳೆಲ್ಲ ಹೋಗಿದ್ದು ಡಿಸೈನರ್‌ಗೆ. ಯಾಕೆಂದರೆ ಡೊಮೇನ್ ಕೊಂಡಿದ್ದು ಅವರ ಹೆಸರಿನಲ್ಲಿ, ಅವರ ಖಾತೆಯಿಂದ. ಅವರೋ ಆ ಕೆಲಸವನ್ನೇ ಬಿಟ್ಟಿದ್ದರು. ಫೋನ್ ನಂಬರೂ ಬದಲಾಗಿತ್ತು.

ಅವರು ಮೋಸಗಾರರೇನಲ್ಲ. ಡೊಮೇನ್ ಯಾರ ಹೆಸರಿನಲ್ಲಿರಬೇಕು ಅಂತ ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಮುಖಪುಟದ ನೀಲಿ ತಿಳಿಯಾಗಿರಬೇಕೋ ಗಾಢವಾಗಿರಬೇಕೋ ಎಂದು ಮಾತ್ರ ಇಬ್ಬರೂ ಕೂತು ಮೂರು ವಾರ ಚರ್ಚೆ ಮಾಡಿದ್ದೆವು.

ಅದಕ್ಕೇ ಇಲ್ಲಿ ಬಣ್ಣದ ಮಾತು ಕಡಿಮೆ. ಏನನ್ನು ಯಾರ ಹೆಸರಿನಲ್ಲಿ ಇಡಬೇಕು, ಯಾರನ್ನು ಏನು ಕೇಳಬೇಕು, ದುಡ್ಡು ಯಾವಾಗ ಕೊಡಬೇಕು ಎಂಬ ಮಾತೇ ಜಾಸ್ತಿ. ಹೆಜ್ಜೆಗಳನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ಮೊದಲ ಮೂರು ಹೆಜ್ಜೆಗಳು ಡಿಸೈನರ್‌ಗೆ ಫೋನ್ ಮಾಡುವುದಕ್ಕೂ ಮುಂಚಿನವು.

ಹೆಜ್ಜೆ 1: ಸೈಟ್ ಯಾವ ಕೆಲಸ ಮಾಡಬೇಕು?

ಒಂದೇ ವಾಕ್ಯದಲ್ಲಿ ಬರೆಯಿರಿ. "ಜನ ಫೋನ್ ಮಾಡಬೇಕು." "ಸಮಯ ಕಾದಿರಿಸಬೇಕು." "ವಸ್ತು ಆರಿಸಿ ಅಲ್ಲೇ ಹಣ ಕಟ್ಟಬೇಕು." "ಯಾರೋ ನನ್ನ ಹೆಸರು ಹೇಳಿದಾಗ ಹುಡುಕಿ ನೋಡಿ ನಂಬಿಕೆ ಬರಬೇಕು." ಇವು ನಾಲ್ಕೂ ಬೇರೆ ಬೇರೆ ಸೈಟ್‌ಗಳು. ಖರ್ಚು ಬೇರೆ, ಮಾಡುವವರೂ ಬೇರೆ. "ಒಂದು ಒಳ್ಳೆ ವೆಬ್‌ಸೈಟ್ ಬೇಕು" ಎಂದು ಹೇಳಿಕೊಂಡು ಹೋದರೆ, ಎದುರಿಗಿದ್ದವರು ತಮಗೆ ಏನು ಬರುತ್ತದೋ ಅದನ್ನೇ ಮಾಡಿಕೊಡುತ್ತಾರೆ.

ಇಲ್ಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಡಿಸೈನರ್ ನಿಜವಾಗಿ ಬೇಕಾ? ವಿಳಾಸ, ಸಮಯ, ಫೋನ್ ನಂಬರ್, ನಾಲ್ಕು ಫೋಟೊ ಇಷ್ಟೇ ಸಾಕು ಎನ್ನುವವರಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತವಾಗಿ ಸಿಗುತ್ತದೆ. ನೀವು ಸೈಟ್ ಮಾಡಿಸುವುದಾದರೂ ಅದನ್ನು ಮೊದಲು ಮಾಡಿಕೊಳ್ಳಿ. ಒಂದೆರಡು ಪುಟದ ಸರಳ ಸೈಟ್ ಆದರೆ ವಿಕ್ಸ್ ಅಥವಾ ಸ್ಕ್ವೇರ್‌ಸ್ಪೇಸ್‌ನಂಥ ಸೇವೆಯಲ್ಲಿ ನೀವೇ ಎರಡು ರಜಾದಿನ ಕೂತು ಮಾಡಬಹುದು. ಆದರೆ ಆ ಎರಡು ರಜಾದಿನ ಎಂದೂ ಸಿಗುವುದಿಲ್ಲ ಅನ್ನುವುದು ನನಗೂ ಗೊತ್ತು. ಮುಂದೆ ಓದಿ.

ಹೆಜ್ಜೆ 2: ಡೊಮೇನ್ ನೀವೇ ಕೊಳ್ಳಿ

ಇಡೀ ಬರಹದಲ್ಲಿ ಇದೊಂದನ್ನು ಮಾಡಿದರೂ ಅರ್ಧ ತಲೆನೋವು ತಪ್ಪುತ್ತದೆ.

ಡೊಮೇನ್ ಎಂದರೆ ನಿಮ್ಮ ಸೈಟಿನ ಹೆಸರು. ಹೋಸ್ಟಿಂಗ್ ಎಂದರೆ ಸೈಟಿನ ಕಡತಗಳು ಕೂತಿರುವ ಜಾಗ. ಎರಡೂ ಬೇರೆ ಬೇರೆ. ಜಾಗ ಹೋದರೆ ಬ್ಯಾಕಪ್ ಇದ್ದರೆ ಸಾಕು, ಬೇರೆ ಕಡೆ ಕಟ್ಟಿಕೊಳ್ಳಬಹುದು. ಹೆಸರು ಹೋದರೆ ಕಾರ್ಡಿನಲ್ಲಿ, ಬೋರ್ಡಿನಲ್ಲಿ, ಗ್ರಾಹಕರ ಫೋನಿನಲ್ಲಿ ಇರುವುದೆಲ್ಲ ಒಟ್ಟಿಗೆ ಹೋಗುತ್ತದೆ. ಇಮೇಲ್ ಅದೇ ಹೆಸರಿನಲ್ಲಿದ್ದರೆ ಅದೂ ಸತ್ತಿತು.

ಡೊಮೇನ್ ಮಾರುವವರನ್ನು ರಿಜಿಸ್ಟ್ರಾರ್ ಎನ್ನುತ್ತಾರೆ. ಅವರ ಸೈಟಿನಲ್ಲಿ ನಿಮ್ಮದೇ ಖಾತೆ ತೆರೆಯಿರಿ. ಮಾಲೀಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಅಥವಾ ವ್ಯವಹಾರದ ಹೆಸರು ಹಾಕಿ. ಖಾತೆಗೆ ಕೊಡುವ ಇಮೇಲ್ ವಿಳಾಸ ಅದೇ ಡೊಮೇನ್‌ನದ್ದಾಗಿರಬಾರದು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಆಮೇಲೆ ಪಾಸ್‌ವರ್ಡ್ ಮರೆತರೆ ಹೊಸ ಪಾಸ್‌ವರ್ಡ್‌ನ ಲಿಂಕ್ ಬರುವುದು ಸತ್ತ ವಿಳಾಸಕ್ಕೆ! ಜಿಮೇಲ್‌ನಂಥ ಬೇರೆ ವಿಳಾಸ ಕೊಡಿ. ಎರಡು ಹಂತದ ಲಾಗಿನ್ ಹಾಕಿ. ತಾನಾಗಿಯೇ ನವೀಕರಣವಾಗುವ ಆಯ್ಕೆಯನ್ನು ಆನ್ ಮಾಡಿ. ಕಾರ್ಡಿನ ಅವಧಿ ಮುಗಿದರೆ ಅದೂ ಕೆಲಸ ಮಾಡುವುದಿಲ್ಲ, ಹಾಗಾಗಿ ಫೋನಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮುಂಚಿನ ದಿನಕ್ಕೆ ನೆನಪು ಹಾಕಿಡಿ.

ಡಿಸೈನರ್‌ಗೆ ಈ ಖಾತೆಯ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಅನೇಕ ರಿಜಿಸ್ಟ್ರಾರ್‌ಗಳಲ್ಲಿ ಇನ್ನೊಬ್ಬರಿಗೆ ಸೀಮಿತ ಪ್ರವೇಶ ಕೊಡುವ ಅನುಕೂಲ ಇದೆ. ಇಲ್ಲದಿದ್ದರೆ, ಡಿಎನ್‌ಎಸ್‌ನಲ್ಲಿ (ಡೊಮೇನ್ ಎಲ್ಲಿಗೆ ಹೋಗಬೇಕು ಎಂದು ತಿಳಿಸುವ ದಾಖಲೆಗಳಲ್ಲಿ) ಏನು ಬದಲಿಸಬೇಕು ಎಂದು ಅವರು ಬರೆದು ಕಳಿಸಲಿ, ನೀವು ನೋಡಿಕೊಂಡು ಹಾಕಿ. ಐದು ನಿಮಿಷದ ಕೆಲಸ.

ಈಗಾಗಲೇ ಸೈಟ್ ಇದೆಯಾ? ಹಾಗಾದರೆ ಡೊಮೇನ್ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ, ಯಾವಾಗ ಮುಗಿಯುತ್ತದೆ ಎಂದು ಇವತ್ತೇ ನೋಡಿ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಸೈಟಿನಲ್ಲಿ ಲುಕಪ್ ಎಂಬ ಉಚಿತ ಸಾಧನ ಇದೆ. ಮಾಲೀಕರ ಹೆಸರು ಹೆಚ್ಚಾಗಿ ಮುಚ್ಚಿರುತ್ತದೆ, ಆದರೆ ರಿಜಿಸ್ಟ್ರಾರ್ ಹೆಸರು ಮತ್ತು ಕೊನೆಯ ದಿನಾಂಕ ಕಾಣುತ್ತದೆ. ಆ ರಿಜಿಸ್ಟ್ರಾರ್‌ನ ಸೈಟಿಗೆ ನೀವು ಲಾಗಿನ್ ಆಗಬಲ್ಲಿರಾ? ಆಗದಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಹಳೆಯ ಡಿಸೈನರ್ ಹತ್ತಿರ ವರ್ಗಾವಣೆ ಕೇಳಿ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಒಂದು ವರ್ಗಾವಣೆ ಕೋಡ್ ಬೇಕು, ಅದನ್ನು ಅವರೇ ತೆಗೆದುಕೊಡಬೇಕು. ಹೊಸದಾಗಿ ಕೊಂಡ ಅಥವಾ ಈಗಷ್ಟೇ ವರ್ಗಾಯಿಸಿದ ಡೊಮೇನನ್ನು ಸಾಮಾನ್ಯವಾಗಿ 60 ದಿನ ಕದಲಿಸಲು ಆಗುವುದಿಲ್ಲ. ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಅವಧಿ ಮುಗಿದ ತಕ್ಷಣ ಎಲ್ಲ ಮುಗಿಯಿತು ಅಂತಲ್ಲ. ಡಾಟ್ ಕಾಮ್‌ನಂಥ ಡೊಮೇನ್‌ಗಳಲ್ಲಿ ಕೆಲವು ದಿನ ಮಾಮೂಲಿ ದರಕ್ಕೇ ನವೀಕರಿಸಲು ಅವಕಾಶ ಇರುತ್ತದೆ. ಎಷ್ಟು ದಿನ ಎನ್ನುವುದು ರಿಜಿಸ್ಟ್ರಾರ್ ಮೇಲೆ ಹೋಗುತ್ತದೆ. ಆಮೇಲೆ ಅಳಿಸುವ ಹಾದಿಗೆ ಬಿದ್ದರೂ 30 ದಿನ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಆದರೆ ಬಿಡಿಸಿಕೊಳ್ಳುವ ಹಕ್ಕು ಯಾರ ಹೆಸರಿನಲ್ಲಿ ಇದೆಯೋ ಅವರದು. ನಾನು ದುಡ್ಡು ಹಿಡಿದುಕೊಂಡು ನಿಂತಿದ್ದೆ, ತೆಗೆದುಕೊಳ್ಳುವವರಿರಲಿಲ್ಲ. ಕೊನೆಗೆ ಹೆಸರನ್ನೇ ಸ್ವಲ್ಪ ಬದಲಿಸಿ ಬೇರೆ ಡೊಮೇನ್ ಕೊಂಡೆ. ಹಳೆಯ ಹೆಸರಿನ ಕಾರ್ಡುಗಳ ಹಿಂಭಾಗದಲ್ಲಿ ಇವತ್ತಿಗೂ ಲೆಕ್ಕ ಬರೆಯುತ್ತಿದ್ದೇನೆ.

ಹೆಜ್ಜೆ 3: ಬರಹ ಮತ್ತು ಫೋಟೊ ಮೊದಲು ಸೇರಿಸಿ

ಸಣ್ಣ ಸೈಟ್‌ಗಳು ತಡವಾಗುವುದು ಹೆಚ್ಚಾಗಿ ಡಿಸೈನರ್ ಇಂದಲ್ಲ, ನಮ್ಮಿಂದ. ಅವರು ವಿನ್ಯಾಸ ಮುಗಿಸಿ ಕೂತಿರುತ್ತಾರೆ. ನಾವು "ನಮ್ಮ ಬಗ್ಗೆ" ಪುಟಕ್ಕೆ ನಾಳೆ ಬರೆದುಕೊಡುತ್ತೇನೆ ಎನ್ನುತ್ತಲೇ ಎರಡು ತಿಂಗಳು ಕಳೆದಿರುತ್ತೇವೆ. ಅಷ್ಟರಲ್ಲಿ ಅವರು ಬೇರೆ ಕೆಲಸ ಹಿಡಿದಿರುತ್ತಾರೆ. ಆಮೇಲೆ ಫೋನ್ ಎತ್ತುತ್ತಿಲ್ಲ ಎಂದು ನಮಗೆ ಕೋಪ.

ಇನ್ನೊಂದು ಕಾರಣವೂ ಇದೆ. ವಿಷಯ ಇಲ್ಲದೆ ವಿನ್ಯಾಸ ಮಾಡಿದರೆ ಅಳತೆ ತೆಗೆಯದೆ ಬಟ್ಟೆ ಹೊಲಿದಂತೆ. ಡಿಸೈನರ್ ಎರಡು ಸಾಲಿನ ಜಾಗ ಬಿಟ್ಟಿರುತ್ತಾರೆ, ನಿಮ್ಮ ವಿವರಣೆ ಹನ್ನೆರಡು ಸಾಲು. ಜಾಗ ತುಂಬಲು ಡಿಸೈನರ್ ಸುಮ್ನೆ ಹಾಕುವ ಲ್ಯಾಟಿನ್ ಅಕ್ಷರಗಳ ನಡುವೆ ಎಲ್ಲ ಪುಟವೂ ಚೆನ್ನಾಗಿಯೇ ಕಾಣುತ್ತದೆ.

ಬರೆಯಲು ಕೂತಾಗ ಏನೂ ಹೊಳೆಯದಿದ್ದರೆ ಹೀಗೆ ಮಾಡಿ. ಒಂದು ವಾರ ಪೂರ್ತಿ, ಗ್ರಾಹಕರು ಫೋನಿನಲ್ಲಿ, ಎದುರಿಗೆ ಕೇಳುವ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟು ಹೊತ್ತಿನವರೆಗೆ ತೆರೆದಿರುತ್ತೀರಿ? ಗಾಡಿ ನಿಲ್ಲಿಸಲು ಜಾಗ ಇದೆಯಾ? ಮನೆಗೆ ತಂದುಕೊಡುತ್ತೀರಾ? ಬೇಡವಾದರೆ ವಾಪಸ್ ತಗೋತೀರಾ? ಇದಕ್ಕಿಂತ ಮೊದಲು ಇಂಥ ಕೆಲಸ ಮಾಡಿದ್ದೀರಾ? ವಾರದ ಕೊನೆಗೆ ನಿಮ್ಮ ಸೈಟಿನ ಮುಕ್ಕಾಲು ಭಾಗ ಆ ಚೀಟಿಯಲ್ಲಿ ಇರುತ್ತದೆ. ಅದಕ್ಕೆ ಬಾಯಲ್ಲಿ ಹೇಳುವ ಉತ್ತರವನ್ನೇ ಬರೆಯಿರಿ. "ಗುಣಮಟ್ಟಕ್ಕೆ ನಾವು ಬದ್ಧರು" ಎಂಬ ಸಾಲನ್ನು ಯಾರೂ ಓದುವುದಿಲ್ಲ. ನಾನೂ ಬರೆದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಫೋಟೊಗಳು ನಿಮ್ಮವೇ ಆಗಿರಲಿ. ಕೈ ಕುಲುಕುತ್ತಿರುವ ಕೋಟುಧಾರಿಗಳ ಚಿತ್ರ ನೋಡಿ ಯಾರಿಗೂ ನಂಬಿಕೆ ಬರುವುದಿಲ್ಲ. ಹಗಲು ಬೆಳಕಿನಲ್ಲಿ ಫೋನಿನಲ್ಲಿ ತೆಗೆದ ನಿಮ್ಮ ಕೆಲಸದ ಜಾಗದ ಫೋಟೊ ಸಾವಿರ ಪಾಲು ಮೇಲು. ಗೂಗಲ್ ಚಿತ್ರ ಹುಡುಕಾಟದಲ್ಲಿ ಸಿಕ್ಕಿದ್ದನ್ನು ಇಳಿಸಿ ಹಾಕಬೇಡಿ. ಅವಕ್ಕೆ ಮಾಲೀಕರಿದ್ದಾರೆ. ದಂಡದ ನೋಟಿಸ್ ಬರುವುದು ಡಿಸೈನರ್ ಹೆಸರಿಗಲ್ಲ, ಸೈಟ್ ಯಾರದೋ ಅವರ ಹೆಸರಿಗೆ.

ಹೆಜ್ಜೆ 4: ಯಾವ ವೇದಿಕೆ, ಯಾವ ಥರದ ಜನ

ಡಿಸೈನರ್ ಅಂದರೆ ಕಾಣುವುದನ್ನು ರೂಪಿಸುವವರು. ಡೆವಲಪರ್ ಅಂದರೆ ಅದು ಕೆಲಸ ಮಾಡುವಂತೆ ಕಟ್ಟುವವರು. ಸಣ್ಣ ಸೈಟಿಗೆ ಎರಡನ್ನೂ ಒಬ್ಬರೇ ಮಾಡುವುದುಂಟು, ಅದರಲ್ಲಿ ತಪ್ಪಿಲ್ಲ. ಒಬ್ಬರೇ ಕೆಲಸ ಮಾಡುವವರಾದರೆ ನೇರವಾಗಿ ಅವರ ಜೊತೆಗೇ ಮಾತು, ಖರ್ಚೂ ಕಡಿಮೆ. ಅವರಿಗೆ ಹುಷಾರಿಲ್ಲದಿದ್ದರೆ ಕೆಲಸ ನಿಂತಿತು. ಏಜೆನ್ಸಿಯಾದರೆ ಜನ ಜಾಸ್ತಿ, ಖರ್ಚೂ ಜಾಸ್ತಿ. ಮೊದಲ ಭೇಟಿಗೆ ಬಂದ ಅನುಭವಿಗಳು ಆಮೇಲೆ ಕಾಣುವುದೇ ಇಲ್ಲ. ಕೆಲಸ ಹೊಸಬರ ಕೈಗೆ ಹೋಗಿರುತ್ತದೆ. "ನನ್ನ ಸೈಟ್ ಮಾಡುವವರು ಯಾರು? ಅವರ ಜೊತೆ ಮಾತಾಡಬಹುದಾ?" ಎಂದು ಮೊದಲೇ ಕೇಳಿ.

ವೇದಿಕೆಯ, ಅಂದರೆ ಸೈಟ್ ಕಟ್ಟುವ ತಂತ್ರಾಂಶ ಅಥವಾ ಸೇವೆಯ, ಆಯ್ಕೆ ಇದಕ್ಕಿಂತ ಮುಖ್ಯ. ವರ್ಡ್‌ಪ್ರೆಸ್ 2003ರಿಂದ ಇದೆ, ಸೈಟ್ ಕಟ್ಟಲು ಬಳಸುವ ಮುಕ್ತ ತಂತ್ರಾಂಶ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಅದರ ಮೇಲೆ ನಡೆಯುತ್ತವೆ. ಅದರಿಂದ ನಿಮಗೇನು ಲಾಭ? ಒಬ್ಬ ಡಿಸೈನರ್ ಕೈಕೊಟ್ಟರೆ ಇನ್ನೊಬ್ಬರು ಸುಲಭವಾಗಿ ಸಿಗುತ್ತಾರೆ, ಹೋಸ್ಟಿಂಗ್ ಇಷ್ಟವಾಗದಿದ್ದರೆ ಸೈಟನ್ನು ಎತ್ತಿ ಬೇರೆ ಕಡೆ ಇಡಬಹುದು. ಬದಲಿಗೆ ಅದನ್ನು ಆಗಾಗ ಅಪ್‌ಡೇಟ್ ಮಾಡಬೇಕು. ಮಾಡದೆ ಬಿಟ್ಟ ಹಳೆಯ ಸೇರ್ಪಡೆ ತಂತ್ರಾಂಶಗಳ, ಅಂದರೆ ಪ್ಲಗಿನ್‌ಗಳ ಮೂಲಕವೇ ಹೆಚ್ಚಾಗಿ ಹ್ಯಾಕರ್‌ಗಳು ನುಗ್ಗುತ್ತಾರೆ. ವಿಕ್ಸ್, ಸ್ಕ್ವೇರ್‌ಸ್ಪೇಸ್‌ಗಳಲ್ಲಿ ಆ ಚಿಂತೆ ಅವರದು. ಆದರೆ ಅಲ್ಲಿ ಮಾಡಿಸಿದ ವಿನ್ಯಾಸವನ್ನು ಹಾಗೇ ಹೊರಗೆ ಒಯ್ಯಲು ಆಗುವುದಿಲ್ಲ. ಬಿಟ್ಟು ಹೋದರೆ ಹೊಸದಾಗಿ ಕಟ್ಟಬೇಕು. ಹೆಚ್ಚಿನ ವಸ್ತು ಮಾರುವವರಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈನಂಥ ಸೇವೆ ಸರಿ, ತಿಂಗಳ ಬಾಡಿಗೆ ಕಟ್ಟಲು ತಯಾರಿದ್ದರೆ.

ನಾನು ಓಡಿಹೋಗುವುದು ಒಂದೇ ಮಾತು ಕೇಳಿದಾಗ: "ನಾವೇ ತಯಾರಿಸಿದ ಸ್ವಂತ ಸಿಸ್ಟಂನಲ್ಲಿ ಮಾಡಿಕೊಡ್ತೀವಿ." ಅವರು ಎಷ್ಟೇ ಬುದ್ಧಿವಂತರಿರಲಿ, ನಾಳೆ ಅವರಿಲ್ಲದೆ ಅದನ್ನು ಮುಟ್ಟುವವರಿರುವುದಿಲ್ಲ. ಸಣ್ಣ ವ್ಯವಹಾರಕ್ಕೆ ಆ ಹಂಗು ಬೇಡ.

ಹೆಜ್ಜೆ 5: ಹುಡುಕಿ, ಆಮೇಲೆ ತೂಗಿ ನೋಡಿ

ಹುಡುಕುವುದು ಕಷ್ಟವಲ್ಲ. ನಿಮ್ಮಂಥದ್ದೇ ವ್ಯವಹಾರದವರ ಚೆನ್ನಾಗಿರುವ ಸೈಟ್ ಕಂಡರೆ ಪುಟದ ಕೆಳತುದಿ ನೋಡಿ, ಮಾಡಿದವರ ಹೆಸರು ಅಲ್ಲಿ ಇರುವುದುಂಟು. ಇಲ್ಲದಿದ್ದರೆ ಅವರನ್ನೇ ಕೇಳಿ. ನಾಲ್ಕೈದು ಹೆಸರು ಸಿಕ್ಕರೆ ಸಾಕು.

ಇನ್ನು ತೂಗುವುದು. ಅವರು ಕಳಿಸುವ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಲ್ಯಾಪ್‌ಟಾಪ್ ಚೌಕಟ್ಟಿನೊಳಗೆ ಕೂರಿಸಿದರೆ ಎಲ್ಲ ಸೈಟೂ ಚಂದವೇ. ನಡೆಯುತ್ತಿರುವ ಸೈಟ್‌ಗಳ ವಿಳಾಸ ಕೇಳಿ. ಅವನ್ನು ನಿಮ್ಮ ಫೋನಿನಲ್ಲಿ, ವೈಫೈ ಆಫ್ ಮಾಡಿ ತೆರೆಯಿರಿ. ಎಷ್ಟು ಹೊತ್ತಿಗೆ ತೆರೆಯಿತು? ಫೋನ್ ನಂಬರ್ ಒತ್ತಿದರೆ ಕರೆ ಹೋಗುತ್ತಾ? ಅಕ್ಷರ ಓದಲು ಬೆರಳಿನಿಂದ ಹಿಗ್ಗಿಸಬೇಕಾ? ಗೂಗಲ್ ಈಗ ಸೈಟ್‌ಗಳನ್ನು ಅಳೆಯುವುದು ಮೊಬೈಲ್ ರೂಪ ನೋಡಿಯೇ. ದೊಡ್ಡ ಪರದೆಯಲ್ಲಿ ಚೆನ್ನಾಗಿದ್ದು ಫೋನಿನಲ್ಲಿ ಒದ್ದಾಡುವ ಸೈಟ್ ಮಾಡಿದವರು ನಿಮಗೂ ಅದನ್ನೇ ಮಾಡಿಕೊಡುತ್ತಾರೆ.

ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನಕ್ಕೂ ಆ ವಿಳಾಸ ಹಾಕಿ ನೋಡಿ. ಅದರಲ್ಲಿ ಬರುವ ಅಂಕೆಗಳೆಲ್ಲ ಅರ್ಥವಾಗಬೇಕಿಲ್ಲ. ಒಂದನ್ನು ನೋಡಿದರೆ ಸಾಕು: ಪುಟದ ಮುಖ್ಯ ಭಾಗ ಕಾಣಲು ಎಷ್ಟು ಸೆಕೆಂಡ್. 2.5 ಸೆಕೆಂಡಿನೊಳಗೆ ಎಂದರೆ ಒಳ್ಳೆಯದು, 4 ದಾಟಿದರೆ ಕೆಟ್ಟದ್ದು ಎಂದು ಗೂಗಲ್ಲೇ ಗೆರೆ ಎಳೆದಿದೆ. ಹಳೆಯ ಗ್ರಾಹಕರು ಆಮೇಲೆ ದೊಡ್ಡ ದೊಡ್ಡ ಫೋಟೊ ತುಂಬಿ ಸೈಟ್ ನಿಧಾನ ಮಾಡಿರಬಹುದು, ಒಂದರಿಂದಲೇ ತೀರ್ಮಾನ ಮಾಡಬೇಡಿ. ಮೂರು ಸೈಟೂ ನಿಧಾನ ಎಂದರೆ ಮಾತು ಬೇರೆ.

ಆಮೇಲೆ ಅವರ ಹಳೆಯ ಗ್ರಾಹಕರಿಗೆ ಫೋನ್ ಮಾಡಿ. ಹೋದ ತಿಂಗಳು ಸೈಟ್ ಮಾಡಿಸಿದವರು ಇನ್ನೂ ಖುಷಿಯಲ್ಲಿರುತ್ತಾರೆ, ಅವರನ್ನು ಕೇಳಿ ಉಪಯೋಗವಿಲ್ಲ. ಎರಡು ವರ್ಷ ಕಳೆದವರನ್ನು ಕೇಳಿ. "ಏನಾದರೂ ಕೆಟ್ಟಾಗ ಎಷ್ಟು ದಿನಕ್ಕೆ ಸರಿ ಮಾಡಿದರು? ಹೇಳಿದ ದುಡ್ಡಿಗಿಂತ ಜಾಸ್ತಿ ಕೇಳಿದರಾ? ಡೊಮೇನ್ ಯಾರ ಹೆಸರಲ್ಲಿ ಇದೆ?" ಮೂರನೇ ಪ್ರಶ್ನೆಗೆ ಆ ಕಡೆ ಮೌನವಾದರೆ ಅವರಿಗೂ ಹೆಜ್ಜೆ 2 ಹೇಳಿಕೊಡಿ.

ಭೇಟಿಯಲ್ಲಿ ನೀವು ಕೇಳುವುದಕ್ಕಿಂತ ಅವರು ಏನು ಕೇಳುತ್ತಾರೆ ಎಂದು ಗಮನಿಸಿ. ನಿಮ್ಮ ಗ್ರಾಹಕರು ಯಾರು, ಅವರು ನಿಮ್ಮನ್ನು ಹೇಗೆ ಹುಡುಕಿ ಬರುತ್ತಾರೆ, ಸೈಟನ್ನು ಆಮೇಲೆ ನೋಡಿಕೊಳ್ಳುವವರು ಯಾರು ಎಂದು ಕೇಳುವವರ ಹತ್ತಿರ ಕೆಲಸ ಕೊಡಬಹುದು. ಬಂದ ಕೂಡಲೇ ಎಷ್ಟು ಪುಟ ಎಂದು ಲೆಕ್ಕ ಹಾಕಿ ದರ ಹೇಳುವವರ ಬಗ್ಗೆ ನನಗೆ ಅನುಮಾನ. "ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ" ಎಂದರೆ ನಮಸ್ಕಾರ ಹೇಳಿ ಎದ್ದುಬಿಡಿ. ಹಾಗೆ ಯಾರೂ ಗ್ಯಾರಂಟಿ ಕೊಡಲಾರರು ಎಂದು ಗೂಗಲ್ ತಾನೇ ಬರೆದುಕೊಂಡಿದೆ.

ಟೆಂಪ್ಲೇಟ್ ಬಳಸುತ್ತಾರೆ ಎಂದು ಮೂಗು ಮುರಿಯಬೇಡಿ. ಸಿದ್ಧ ಥೀಮ್ ತೆಗೆದುಕೊಂಡು ನಿಮಗೆ ಹೊಂದಿಸಿದರೆ ಬೇಗ ಆಗುತ್ತದೆ, ಕಡಿಮೆಗೆ ಆಗುತ್ತದೆ. ಅದನ್ನು ಹೇಳಿ ಮಾಡಬೇಕು ಅಷ್ಟೇ. ಥೀಮ್ ತಂದು "ನಿಮಗೋಸ್ಕರ ಮೊದಲಿನಿಂದ ಬರೆದಿದ್ದು" ಎಂದು ದರ ಹಾಕಿದರೆ ಮೋಸ.

ಹೆಜ್ಜೆ 6: ಒಂದು ಹಾಳೆಯ ವಿವರ, ಮೂರು ಕೊಟೇಶನ್

ಒಂದೇ ಹಾಳೆಯಲ್ಲಿ ಬರೆಯಿರಿ: ಸೈಟಿನ ಕೆಲಸ, ಬೇಕಾದ ಪುಟಗಳು, ಬರಹ ಮತ್ತು ಫೋಟೊ ಯಾರು ಕೊಡುತ್ತಾರೆ, ಯಾವ ಯಾವ ಭಾಷೆ, ಹಣ ಕಟ್ಟುವ ವ್ಯವಸ್ಥೆ ಬೇಕೋ ಬೇಡವೋ, ಯಾವಾಗ ಬೇಕು, ನಿಮ್ಮ ಕೈಲಾಗುವ ಖರ್ಚು ಎಷ್ಟರಿಂದ ಎಷ್ಟು. ಬಜೆಟ್ ಹೇಳಿದರೆ ಅಷ್ಟನ್ನೂ ಬಾಚಿಕೊಳ್ಳುತ್ತಾರೆ ಎಂಬ ಹೆದರಿಕೆ ನನಗೂ ಇತ್ತು. ಹೇಳದಿದ್ದರೆ ಒಬ್ಬರು ಸೈಕಲ್‌ಗೆ ದರ ಕೊಡುತ್ತಾರೆ, ಇನ್ನೊಬ್ಬರು ಲಾರಿಗೆ. ಹೋಲಿಸುವುದು ಹೇಗೆ? ಅದೇ ಹಾಳೆಯನ್ನು ಮೂವರಿಗೂ ಕೊಡಿ.

ಬಂದ ಮೇಲೆ ಕೆಳಗಿನ ಒಟ್ಟು ಮೊತ್ತಕ್ಕೆ ನೇರ ಹೋಗಬೇಡಿ. ಎರಡನೇ ವರ್ಷದಿಂದ ಪ್ರತಿ ವರ್ಷ ಎಷ್ಟು ಬೀಳುತ್ತದೆ ಎಂದು ಕೇಳಿ. ಡೊಮೇನ್, ಹೋಸ್ಟಿಂಗ್, ಹಣ ಕೊಟ್ಟು ಪಡೆದ ಪ್ಲಗಿನ್ ಮತ್ತು ಥೀಮ್‌ಗಳ ಪರವಾನಗಿ, ನಿರ್ವಹಣೆ ಇವೆಲ್ಲ ವರ್ಷ ವರ್ಷ ಬರುವ ಖರ್ಚು. ಹೋಸ್ಟಿಂಗ್‌ನ ಮೊದಲ ವರ್ಷದ ರಿಯಾಯಿತಿ ದರಕ್ಕೂ ನವೀಕರಣದ ದರಕ್ಕೂ ಬಹಳ ಅಂತರ ಇರುವುದುಂಟು. ಹಾಗೆಯೇ, ಎಸ್‌ಎಸ್‌ಎಲ್ ಅಂದರೆ ಸೈಟಿನ ಜೊತೆಗಿನ ಸಂಪರ್ಕ ಸುರಕ್ಷಿತ ಎಂದು ತೋರಿಸುವ ಪ್ರಮಾಣಪತ್ರಕ್ಕೆ ದೊಡ್ಡ ಮೊತ್ತ ಹಾಕಿದ್ದರೆ ಯಾಕೆ ಎಂದು ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ, ಬಹಳಷ್ಟು ಹೋಸ್ಟಿಂಗ್‌ಗಳಲ್ಲಿ ಅದು ತಾನಾಗಿಯೇ ಸೇರಿರುತ್ತದೆ.

ಎಲ್ಲರಿಗಿಂತ ಅರ್ಧಕ್ಕರ್ಧ ಕಡಿಮೆ ಹೇಳಿದವರು ಒಂದೋ ಏನನ್ನೋ ಬಿಟ್ಟಿದ್ದಾರೆ, ಇಲ್ಲವೇ ನಿಮ್ಮ ಹಾಳೆ ಓದಿಲ್ಲ. ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 7: ಕರಾರು ಬರಹದಲ್ಲಿ ಇರಲಿ

ಪರಿಚಯದವರೇ ಆದರೂ. ಪರಿಚಯದವರಾದರೆ ಇನ್ನೂ ಮುಖ್ಯ, ಆಮೇಲೆ ಮುಖ ಮುಖ ನೋಡಿಕೊಳ್ಳಬೇಕಲ್ವಾ. ಎರಡು ಪುಟ ಸಾಕು, ವಕೀಲರ ಭಾಷೆ ಬೇಡ.

ಏನೇನು ಮಾಡಿಕೊಡುತ್ತಾರೆ ಎಂಬುದು ಪುಟಗಳ ಹೆಸರಿನ ಸಮೇತ ಇರಬೇಕು. ಎಷ್ಟು ಸಲ ತಿದ್ದುಪಡಿ ಉಚಿತ, ಆಮೇಲೆ ಎಷ್ಟು ದರ ಎಂದಿರಬೇಕು. "ಬೇಕಾದಷ್ಟು ಸಲ ಬದಲಿಸಿಕೊಡ್ತೀವಿ" ಎಂಬ ಮಾತು ಕೇಳಲು ಚೆನ್ನ. ನಡೆಯುವುದಿಲ್ಲ. ಇಬ್ಬರಿಗೂ ದಿನಾಂಕ ಇರಲಿ. ಅವರು ಯಾವಾಗ ಮೊದಲ ಕರಡು ತೋರಿಸುತ್ತಾರೆ, ನೀವು ಎಷ್ಟು ದಿನದಲ್ಲಿ ಅಭಿಪ್ರಾಯ ಹೇಳುತ್ತೀರಿ, ಎರಡೂ. ನೀವು ತಡ ಮಾಡಿದರೆ ಅವರ ದಿನಾಂಕವೂ ಮುಂದೆ ಹೋಗುತ್ತದೆ ಎಂದು ಅವರು ಬರೆದರೆ ಅದು ನ್ಯಾಯವೇ.

ಕೃತಿಸ್ವಾಮ್ಯದ ಸಾಲನ್ನು ಮರೆಯಬೇಡಿ. ದುಡ್ಡು ಕೊಟ್ಟು ಮಾಡಿಸಿದ್ದೇವೆ, ಹಾಗಾಗಿ ನಮ್ಮದೇ ಎಂದು ನಾವು ಅಂದುಕೊಳ್ಳುತ್ತೇವೆ. ಅನೇಕ ದೇಶಗಳ ಕಾನೂನಿನಲ್ಲಿ ಸಂಬಳಕ್ಕಿಲ್ಲದ, ಹೊರಗಿನವರು ಮಾಡಿದ ಕೆಲಸದ ಹಕ್ಕು ಬರಹದಲ್ಲಿ ವರ್ಗಾಯಿಸದ ಹೊರತು ಮಾಡಿದವರ ಹತ್ತಿರವೇ ಉಳಿಯುತ್ತದೆ. "ಪೂರ್ತಿ ಹಣ ಸಂದಾಯವಾದ ಮೇಲೆ ವಿನ್ಯಾಸ, ಚಿತ್ರ, ಮೂಲ ಕಡತಗಳ ಹಕ್ಕು ಗ್ರಾಹಕರಿಗೆ ಸೇರುತ್ತದೆ" ಎಂಬ ಒಂದು ವಾಕ್ಯ ಬರೆಸಿ. ವರ್ಡ್‌ಪ್ರೆಸ್, ಪ್ಲಗಿನ್, ಫಾಂಟ್‌ಗಳು ಇದರಲ್ಲಿ ಸೇರುವುದಿಲ್ಲ, ಅವಕ್ಕೆ ಅವುಗಳದ್ದೇ ಪರವಾನಗಿ ಇದೆ.

ಹಣವನ್ನು ಕೆಲಸಕ್ಕೆ ಕಟ್ಟಿ, ತಾರೀಖಿಗಲ್ಲ. ಶುರುವಿಗೆ ಒಂದು ಪಾಲು, ವಿನ್ಯಾಸ ಒಪ್ಪಿದ ಮೇಲೆ ಒಂದು ಪಾಲು, ಎಲ್ಲ ಲಾಗಿನ್‌ಗಳು ಕೈಗೆ ಬಂದ ಮೇಲೆ ಕೊನೆಯ ಪಾಲು. ಅಡ್ವಾನ್ಸ್ ಕೇಳುವುದು ತಪ್ಪಲ್ಲ. ಕೊಟ್ಟು ಕಳೆದುಕೊಂಡ ಗ್ರಾಹಕರಿರುವ ಹಾಗೆ, ಕೆಲಸ ಮಾಡಿ ದುಡ್ಡು ಬರದೆ ಕೂತ ಡಿಸೈನರ್‌ಗಳೂ ಇದ್ದಾರೆ. ಪೂರ್ತಿ ಮೊತ್ತವನ್ನು ಮೊದಲೇ ಮಾತ್ರ ಕೊಡಬೇಡಿ. ಮಧ್ಯದಲ್ಲಿ ಯಾರಾದರೂ ಬಿಟ್ಟರೆ ಏನು ಎಂಬ ಸಾಲೂ ಇರಲಿ: ಅಲ್ಲಿಯವರೆಗಿನ ಕೆಲಸಕ್ಕೆ ಹಣ, ಅಲ್ಲಿಯವರೆಗಿನ ಕಡತ ನಿಮಗೆ.

ಹೆಜ್ಜೆ 8: ಕೆಲಸ ನಡೆಯುವಾಗ

ಮೊದಲು ಬಣ್ಣವಿಲ್ಲದ ಕರಡು ಕೇಳಿ. ಬರೀ ಚೌಕಗಳಲ್ಲಿ ಎಲ್ಲಿ ಏನು ಬರುತ್ತದೆ ಎಂದು ತೋರಿಸುವ ಚಿತ್ರ. ಆ ಹಂತದಲ್ಲಿ ಬದಲಾವಣೆ ಹತ್ತು ನಿಮಿಷದ್ದು. ಪೂರ್ತಿ ಕಟ್ಟಿದ ಮೇಲೆ ಅದೇ ಬದಲಾವಣೆಗೆ ಎರಡು ದಿನ.

ನಿಮ್ಮ ಕಡೆಯಿಂದ ಒಬ್ಬರೇ ಮಾತಾಡಿ. ಪಾಲುದಾರರು, ಮನೆಯವರು, ಕಂಪ್ಯೂಟರ್ ಗೊತ್ತಿರುವ ಸೋದರಳಿಯ ಎಲ್ಲರೂ ಒಂದೊಂದು ಹೇಳಿದರೆ ಡಿಸೈನರ್ ಕೊನೆಗೆ ಯಾರಿಗೂ ಇಷ್ಟವಾಗದ, ಯಾರೂ ಬೇಡ ಎನ್ನದ ಒಂದು ಪುಟ ಮಾಡಿಕೊಡುತ್ತಾರೆ. ಮನೆಯೊಳಗೆ ಜಗಳ ಮುಗಿಸಿಕೊಂಡು, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕಳಿಸಿ.

ಹೇಳುವಾಗ ಮದ್ದು ಹೇಳಬೇಡಿ, ನೋವು ಹೇಳಿ. "ಲೋಗೊ ದೊಡ್ಡದು ಮಾಡಿ" ಎನ್ನುವುದಕ್ಕಿಂತ "ನೋಡಿದ ತಕ್ಷಣ ಇದು ನಮ್ಮ ಸೈಟ್ ಅಂತ ಗೊತ್ತಾಗ್ತಿಲ್ಲ" ಎಂದರೆ ಅವರಿಗೆ ಯೋಚಿಸಲು ಜಾಗ ಸಿಗುತ್ತದೆ. ಪರಿಹಾರ ಹುಡುಕುವುದಕ್ಕೇ ಅಲ್ಲವಾ ಅವರಿಗೆ ದುಡ್ಡು ಕೊಡುತ್ತಿರುವುದು.

ಹೆಜ್ಜೆ 9: ತೆರೆಯುವ ಮುಂಚೆ ನೀವೇ ಪರೀಕ್ಷೆ ಮಾಡಿ

ಡಿಸೈನರ್ ಎಲ್ಲ ನೋಡಿದ್ದೇನೆ ಎನ್ನುತ್ತಾರೆ. ಅವರ ಹೊಸ ಕಂಪ್ಯೂಟರಿನಲ್ಲಿ, ಅವರ ವೇಗದ ಇಂಟರ್‌ನೆಟ್‌ನಲ್ಲಿ ನೋಡಿರುತ್ತಾರೆ. ನೀವು ಮನೆಯಲ್ಲಿರುವ ಅತ್ಯಂತ ಹಳೆಯ ಫೋನ್ ತೆಗೆದುಕೊಳ್ಳಿ.

ಮೊದಲ ಪರೀಕ್ಷೆ ಸಂಪರ್ಕ ಫಾರ್ಮ್. ಎರಡು ಬೇರೆ ಬೇರೆ ಇಮೇಲ್ ವಿಳಾಸದಿಂದ ತುಂಬಿ ಕಳಿಸಿ. ನಿಮಗೆ ಬಂತಾ? ಸ್ಪ್ಯಾಮ್‌ಗೆ ಬಿತ್ತಾ? "ಧನ್ಯವಾದ, ನಿಮ್ಮ ಸಂದೇಶ ತಲುಪಿದೆ" ಎಂದು ಪರದೆ ಹೇಳುತ್ತಿದ್ದರೂ ಇಮೇಲ್ ಎಲ್ಲೂ ತಲುಪದೆ ಇರುವ ಫಾರ್ಮ್‌ಗಳು ಬೇಕಾದಷ್ಟಿವೆ. ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕಿಮ್ ಎಂಬ, ಇಮೇಲ್ ನಿಜವಾಗಿ ನಿಮ್ಮ ಡೊಮೇನ್‌ನದ್ದೇ ಎಂದು ತೋರಿಸುವ ದಾಖಲೆಗಳು ಸರಿ ಇಲ್ಲದಿದ್ದರೆ ಜಿಮೇಲ್‌ನಂಥವರು ಆ ಇಮೇಲನ್ನು ನಂಬುವುದಿಲ್ಲ. ನೀವು ಅದನ್ನು ಕಲಿಯಬೇಕಿಲ್ಲ, "ಆ ಎರಡು ಹಾಕಿದ್ದೀರಾ?" ಎಂದು ಕೇಳಿದರೆ ಸಾಕು. ತಿಂಗಳಿಗೊಮ್ಮೆ ಫಾರ್ಮ್ ಪರೀಕ್ಷೆ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ನನ್ನ ಎರಡನೇ ಸೈಟಿನಲ್ಲಿ ಒಂದು ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಐದು ವಾರ ಒಂದೂ ವಿಚಾರಣೆ ಬರಲಿಲ್ಲ. ವ್ಯಾಪಾರವೇ ತಣ್ಣಗಾಗಿದೆ ಅಂದುಕೊಂಡಿದ್ದೆ.

ಎರಡನೆಯದು ಹುಡುಕಾಟ. ಸೈಟ್ ಕಟ್ಟುವಾಗ ಗೂಗಲ್ ನೋಡಬಾರದು ಎಂದು ಅಡ್ಡ ಹಾಕಿರುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಅದು ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ ಒಂದು ಸಣ್ಣ ಟಿಕ್. ತೆರೆಯುವ ದಿನ ಅದನ್ನು ತೆಗೆಯಲು ಮರೆತರೆ ನಿಮ್ಮ ಸೈಟ್ ಗೂಗಲ್‌ಗೆ ಕಾಣುವುದಿಲ್ಲ. ಮರೆಯುತ್ತಾರೆ!

ಹಳೆಯ ಸೈಟ್ ಇದ್ದವರು ಹಳೆಯ ಪುಟಗಳ ವಿಳಾಸದ ಪಟ್ಟಿ ಕೊಡಬೇಕು. ಒಂದೊಂದೂ ಹೊಸ ಪುಟಕ್ಕೆ ಹೋಗುವಂತೆ 301 ರೀಡೈರೆಕ್ಟ್ ಹಾಕಿಸಬೇಕು. ಇಲ್ಲದಿದ್ದರೆ ವರ್ಷಗಟ್ಟಲೆ ಗಳಿಸಿದ ಗೂಗಲ್ ಗುರುತು ಕಳೆದುಹೋಗುತ್ತದೆ.

ಬೂದು ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಇದ್ದರೆ ಬಿಸಿಲಿನಲ್ಲಿ ನಿಂತು ಓದಿ ನೋಡಿ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಬೇಕು ಎಂದು ವೆಬ್‌ನ ಸುಲಭ ಬಳಕೆಯ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಕಣ್ಣು ಮಂಜಾದವರೂ ನಿಮ್ಮ ಗ್ರಾಹಕರೇ. ಸೈಟಿನಲ್ಲಿ ಹಣ ತೆಗೆದುಕೊಳ್ಳುವುದಾದರೆ ಕಾರ್ಡಿನ ವಿವರ ನಿಮ್ಮ ಸೈಟಿನಲ್ಲಿ ಉಳಿಯಲೇಬಾರದು, ಹಣ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇ ಸೇವೆ ಅದನ್ನು ನೋಡಿಕೊಳ್ಳಲಿ. ಸಣ್ಣ ಮೊತ್ತ ಕಟ್ಟಿ, ವಾಪಸ್ ಮಾಡಿ, ಎರಡೂ ಆಗುತ್ತಾ ನೋಡಿ.

ಹೆಜ್ಜೆ 10: ಬೀಗದ ಕೈಗಳನ್ನು ಎಣಿಸಿಕೊಳ್ಳಿ

ಡೊಮೇನ್ ನಿಮ್ಮ ಹತ್ತಿರವೇ ಇದೆ. ಇನ್ನು ಕೇಳಿ ಪಡೆಯಬೇಕಾದವು: ಹೋಸ್ಟಿಂಗ್ ಖಾತೆ, ಸೈಟಿನ ಅಡ್ಮಿನ್ ಲಾಗಿನ್, ಗೂಗಲ್ ಅನಾಲಿಟಿಕ್ಸ್ (ಸೈಟಿಗೆ ಬರುವವರ ಲೆಕ್ಕ) ಮತ್ತು ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತದೆ ಎಂಬ ಲೆಕ್ಕ), ಲೋಗೊದ ಮೂಲ ಕಡತ, ಕೊಂಡ ಪ್ಲಗಿನ್ ಮತ್ತು ಥೀಮ್‌ಗಳ ಪರವಾನಗಿ, ಸೈಟಿನ ಪೂರ್ತಿ ಬ್ಯಾಕಪ್. ಪಟ್ಟಿ ಕೈಗೆ ಬಂದರೆ ಸಾಲದು. ಒಂದೊಂದಕ್ಕೂ ನೀವೇ ಲಾಗಿನ್ ಆಗಿ ನೋಡಿ. ಅಡ್ಮಿನ್ ಎಂದು ಕೊಟ್ಟಿದ್ದು ಬರೀ ಎಡಿಟರ್ ಖಾತೆ ಆಗಿರುವುದುಂಟು. ಅನಾಲಿಟಿಕ್ಸ್ ಡಿಸೈನರ್ ಖಾತೆಯಲ್ಲಿದ್ದು ನಿಮಗೆ ನೋಡುವ ಅವಕಾಶ ಮಾತ್ರ ಕೊಟ್ಟಿದ್ದರೆ, ಮಾಲೀಕತ್ವ ನಿಮ್ಮ ಕಡೆ ಬದಲಾಯಿಸಿಕೊಳ್ಳಿ. ಎಲ್ಲ ಸರಿ ಇದ್ದರೆ ಕೊನೆಯ ಕಂತನ್ನು ಅದೇ ದಿನ ಕೊಟ್ಟುಬಿಡಿ. ಸತಾಯಿಸಬೇಡಿ. ನಾಳೆ ರಾತ್ರಿ ಸೈಟ್ ಬಿದ್ದರೆ ಫೋನ್ ಮಾಡಬೇಕಾದ್ದು ಅವರಿಗೇ.

ಸಮಯ ಬದಲಿಸುವುದು, ಫೋಟೊ ಸೇರಿಸುವುದು, ದರ ತಿದ್ದುವುದು ಈ ಮೂರನ್ನೂ ಮಾಡಿ ತೋರಿಸುವಂತೆ ಕೇಳಿ, ಪರದೆಯನ್ನು ವಿಡಿಯೊ ಮಾಡಿಕೊಳ್ಳಿ. ಆರು ತಿಂಗಳಾದ ಮೇಲೆ ನೆನಪಿರುವುದಿಲ್ಲ.

ಕೊನೆಗೆ ನಿರ್ವಹಣೆಯ ಮಾತು. ವರ್ಡ್‌ಪ್ರೆಸ್ ಆದರೆ ಅಪ್‌ಡೇಟ್ ಯಾರು ಮಾಡುತ್ತಾರೆ, ಎಷ್ಟು ದಿನಕ್ಕೊಮ್ಮೆ, ಬ್ಯಾಕಪ್ ಎಲ್ಲಿ ಇರುತ್ತದೆ ಎಂದು ತೀರ್ಮಾನವಾಗಬೇಕು. ಸೈಟ್ ಇರುವ ಸರ್ವರ್‌ನಲ್ಲೇ ಬ್ಯಾಕಪ್ ಇಟ್ಟರೆ ಸರ್ವರ್ ಹೋದಾಗ ಎರಡೂ ಹೋಗುತ್ತವೆ. ಬೇರೆ ಕಡೆ ಒಂದು ಪ್ರತಿ ಬೇಕು. ಅದರಿಂದ ಸೈಟ್ ಮತ್ತೆ ಎದ್ದು ನಿಲ್ಲುತ್ತದಾ ಎಂದು ವರ್ಷಕ್ಕೊಮ್ಮೆಯಾದರೂ ಮಾಡಿ ನೋಡಲು ಹೇಳಿ. ನಿರ್ವಹಣೆಯನ್ನು ಬೇರೆಯವರಿಗೆ ಕೊಟ್ಟ ದಿನ ಹಳಬರ ಖಾತೆಯನ್ನು ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ. ಅವರಿಗೆ ಮೊದಲೇ ಒಂದು ಮಾತು ಹೇಳಿ ಮಾಡಿ. ನನ್ನ ಈಗಿನ ಡಿಸೈನರ್‌ಗೆ ಹಾಗೆ ಹೇಳಿದಾಗ ಅವರು ನಕ್ಕು, "ನಾನೇ ಹೇಳೋಣ ಅಂತಿದ್ದೆ" ಎಂದರು. ಆಮೇಲೆ ಎರಡು ವರ್ಷ ಬಿಟ್ಟು ಇನ್ನೊಂದು ಕೆಲಸಕ್ಕೆ ಮತ್ತೆ ಅವರ ಹತ್ತಿರವೇ ಹೋದೆ.